ಸೊಪ್ಪಿನ ಮೇಲಿನ ನೀರು

ರೈತರು ತಾವು ಬೆಳೆದುದನ್ನು ತಾವೇ ತಂದು ಮಾರುವ ಸಂತೆಗಳಿಗೆ ಹೋಗಿಬರುವುದು ಪೇಟೆಯ ಜನರಲ್ಲಿ ಅನೇಕರಿಗೆ ಮೆಚ್ಚಿನ ಸಂಗತಿ. ನಡುವಣ ದಲ್ಲಾಳಿ ತಪ್ಪುವುದರಿಂದ ಬೆಳೆದವನಿಗೂ ಕೊಳ್ಳುವವನಿಗೂ ಅನುಕೂಲವೇ ಸರಿ. ಆದರೆ ಹೊಲದಿಂದ ನೇರವಾಗಿ ಬಂದುದೆಲ್ಲವೂ ಶುದ್ಧವಾದುದೆಂಬ ನಂಬಿಕೆಯೂ ಇದರೊಡನೆ ಬೆಳೆದಿದೆ. ಈ ನಂಬಿಕೆಗೆ ವಿಜ್ಞಾನದ ಬೆಂಬಲವಿಲ್ಲ. ತಾಜಾತನ ಬೇರೆ, ಶುಚಿತ್ವ ಬೇರೆ.

ಬಿಸಿಲೇರಿದಂತೆ ಬಾಡತೊಡಗುವ ಸೊಪ್ಪಿಗೆ ಮಾರುವವರು ಆಗಾಗ ನೀರು ಚಿಮುಕಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆ ನೀರು ಎಲ್ಲಿಯದೆಂಬುದೇ ಪ್ರಶ್ನೆ. ಮಲದ ಸೋಂಕು ತಗಲಿದ ನೀರಿನಲ್ಲಿ ಟೈಫಾಯ್ಡ್, ಆಮಶಂಕೆ, ಹೆಪಟೈಟಿಸ್ ‘ಎ’ ಎಂಬ ಕಾಮಾಲೆ, ಇವುಗಳ ರೋಗಾಣುಗಳು ಇರಬಹುದು. ತಕ್ಕ ಉಷ್ಣತೆಯೂ ತೇವವೂ ಪೋಷಣೆಯೂ ದೊರೆತರೆ ಕೆಲವು ಬ್ಯಾಕ್ಟೀರಿಯಗಳು ಸುಮಾರು 20 ನಿಮಿಷಗಳಿಗೊಮ್ಮೆ ಇಮ್ಮಡಿಯಾಗುತ್ತವೆ. ಚೆನ್ನಾಗಿ ಕುದಿದ ಹುಳಿಯಲ್ಲಿ ಇವು ಉಳಿಯಲಾರವು. ಕೋಸಂಬರಿಗೆ ಹಸಿಯಾಗಿಯೇ ಹೆಚ್ಚಿಹಾಕಿದ ಕೊತ್ತಂಬರಿಯಲ್ಲಿ ಉಳಿಯಬಲ್ಲವು.

ಆದುದರಿಂದ ಮನೆಯಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಮೊದಲು ಕೈಯನ್ನು ಸೋಪಿನಿಂದ ತೊಳೆಯಬೇಕು. ಬಳಿಕ ಸೊಪ್ಪಿನ ಬೇರು ತೆಗೆದು, ಎಲೆಗಳನ್ನು ಬಿಡಿಸಿ, ಹರಿಯುವ ಶುದ್ಧ ನೀರಿನಲ್ಲಿ ತೊಳೆಯಬೇಕು. ತರಕಾರಿಗೆ ಸೋಪು ಸಲ್ಲದು. ಸೌತೆಕಾಯಿಯನ್ನೂ ಕರಬೂಜವನ್ನೂ ಸಿಪ್ಪೆ ಹೆರೆಯುವ ಮುನ್ನವೇ ತೊಳೆಯಬೇಕು. ಇಲ್ಲವಾದರೆ ಸಿಪ್ಪೆಯ ಮೇಲಣ ಕೊಳೆಯನ್ನು ಕತ್ತಿಯೇ ತಿರುಳಿಗೆ ಒಯ್ಯುತ್ತದೆ. ಹೆಚ್ಚಿದುದನ್ನು ಬಹಳ ಹೊತ್ತು ಹೊರಗೆ ಇಡಬಾರದು. ಇಷ್ಟಾದರೂ ತೊಳೆಯುವುದರಿಂದ ರೋಗಾಣುಗಳು ಕಡಮೆಯಾಗುತ್ತವೆಯೇ ಹೊರತು ನಿರ್ಮೂಲವಾಗುವುದಿಲ್ಲ. ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ವೃದ್ಧರಿಗೂ ಬೇಯಿಸಿದ ಸೊಪ್ಪೇ ಲೇಸು.

ಹಾಗಾದರೆ ಹೊಣೆಯೆಲ್ಲ ಅಡಿಗೆಮನೆಯದೇ? ಅಲ್ಲವೆಂದೇ ನನ್ನ ಅಭಿಪ್ರಾಯ. ಮುಂಜಾನೆ ಬಂದು ಸಂಜೆಯವರೆಗೆ ಕುಳಿತಿರುವ ಮಾರಾಟಗಾರರಿಗೆ, ಅವರಲ್ಲಿಯೂ ಹೆಂಗಸರಿಗೆ, ಶೌಚಾಲಯವಾಗಲಿ ಕೈ ತೊಳೆಯುವ ನೀರಾಗಲಿ ಇಲ್ಲದ ಸಂತೆಗಳುಂಟು. ಅಂತಹ ಕಡೆ ‘ಶುಚಿಯಾಗಿರಿ’ ಎಂದು ಅವರಿಗೆ ಉಪದೇಶಿಸುವುದು ನ್ಯಾಯವಲ್ಲ. ಜಾಗಕ್ಕೆ ಸುಂಕ ವಸೂಲು ಮಾಡುವವರು ಕ್ಲೋರಿನ್ ಬೆರೆಸಿ ಶುದ್ಧಗೊಳಿಸಿದ ನೀರಿನ ನಲ್ಲಿಯನ್ನೂ ಶೌಚಾಲಯವನ್ನೂ ಒದಗಿಸುವುದು ಔದಾರ್ಯವಲ್ಲ, ಕರ್ತವ್ಯ.

ಇದು ರೈತನ ಹಿತಕ್ಕೂ ಸಂಬಂಧಿಸಿದ ಮಾತು. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲೈ ಬ್ಯಾಕ್ಟೀರಿಯದ ಒಂದು ಉಗ್ರ ಬಗೆಯಿಂದ ಸಾವಿರಾರು ಮಂದಿ ಅಸ್ವಸ್ಥರಾದರು. ಸುಮಾರು 50 ಮಂದಿ ಮಡಿದರು. ಮೊದಲು ಶಂಕೆ ಬಿದ್ದುದು ಸ್ಪೇನ್ ದೇಶದ ಸೌತೆಕಾಯಿಯ ಮೇಲೆ. ಅಲ್ಲಿಯ ರೈತರು ನಿರಪರಾಧಿಗಳಾಗಿದ್ದರೂ ಅವರ ಬೆಳೆಯನ್ನು ಕೊಳ್ಳುವವರಿಲ್ಲದಾಯಿತು. ಮುಂದೆ ತನಿಖೆಯು ಬೆರಳು ತೋರಿದ್ದು ಮೆಂತ್ಯದ ಮೊಳಕೆಯ ಕಡೆಗೆ. ಸೋಂಕು ಎಲ್ಲಿ ತಗಲಿತೆಂದು ತಿಳಿಯದಿದ್ದಾಗ ತಪ್ಪಿಲ್ಲದವನೂ ದಂಡ ತೆರಬೇಕಾಗುತ್ತದೆ.

ಒಂದು ಕಟ್ಟು ಸೊಪ್ಪಿಗೆ ಒಂದು ರೂಪಾಯಿ ಇಳಿಸೆಂದು ಚೌಕಾಸಿ ಮಾಡುವ ನಾವು, ನಲ್ಲಿ ಎಲ್ಲಿದೆಯೆಂದು ಸಂತೆಯ ಆಡಳಿತದವರನ್ನು ಒಮ್ಮೆಯಾದರೂ ಕೇಳಬೇಡವೆ?