ಕ್ರಿಯಾಪದದ ಬಾಲಂಗೋಚಿ

ಉರ್ವ ಮಾರುಕಟ್ಟೆಗೆ ಸಮೀಪದ ಓಣಿಯೊಂದರಲ್ಲಿ ನಮ್ಮ ಬಿಡಾರ. ಸಂಜೆಯ ಹೊತ್ತಿಗೆ ನೆರೆಮನೆಯ ಹುಡುಗನೊಬ್ಬ ಇಂಗ್ಲಿಷು ಪುಸ್ತಕವನ್ನು ಕಂಕುಳಲ್ಲಿ ಇರಿಸಿಕೊಂಡು ಬರುವುದುಂಟು. ನಾನು ಕನ್ನಡದ ಅಧ್ಯಾಪಕನೆಂಬುದು ಅವನಿಗೆ ತಿಳಿಯದ ಸಂಗತಿಯೇನಲ್ಲ. ಕಾಲೇಜಿನಲ್ಲಿ ಕಲಿಸುವವರಿಗೆ ಎಲ್ಲವೂ ಬರುತ್ತದೆ ಎಂಬುದು ಅವನ ನಂಬಿಕೆ. ಆ ನಂಬಿಕೆಯನ್ನು ಕೆಡಿಸಲು ನನಗೂ ಮನಸ್ಸಿಲ್ಲ. ಮೊನ್ನೆ ಬಂದವನು 'ಪುಟ್ ಅಪ್ ವಿತ್' ಎಂಬ ಮೂರು ಪದಗಳ ಮೇಲೆ ಬೆರಳಿಟ್ಟು ಕೇಳಿದ: "ಪುಟ್ ಎಂದರೆ ಇಡು, ಅಪ್ ಎಂದರೆ ಮೇಲೆ, ವಿತ್ ಎಂದರೆ ಜೊತೆ. ಮೂರೂ ಕೂಡಿದರೆ ಸಹಿಸಿಕೊಳ್ಳುವುದು ಎಂದು ಹೇಗಾಯಿತು ಸಾರ್?"

ಪ್ರಶ್ನೆ ಹೊಸದಲ್ಲ. 1755ರಲ್ಲಿ ತನ್ನ ದೊಡ್ಡ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ನನೇ ಅದರ ಮುನ್ನುಡಿಯಲ್ಲಿ, ಕ್ರಿಯಾಪದಕ್ಕೆ ಇಂಥ ಕಿರುಪದ ತಗುಲಿ ಅರ್ಥ ಬದಲಾಗುವ ಬಗೆಯೇ ಪರದೇಶದವರಿಗೆ ತಮ್ಮ ಭಾಷೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಕಷ್ಟವೆಂದು ಒಪ್ಪಿಕೊಂಡಿದ್ದಾನೆ. ಒಂದು ಕಿರುಪದದ ಕಷ್ಟವೇ ಅಷ್ಟಾದರೆ ಎರಡು ಜೊತೆಗೂಡಿದಾಗ ಕೇಳಬೇಕೆ? 'ರನ್ ಔಟ್ ಆಫ್' ಎಂದರೆ ಮುಗಿದುಹೋಗುವುದು. 'ಲುಕ್ ಡೌನ್ ಆನ್' ಎಂದರೆ ಹೀನವಾಗಿ ಕಾಣುವುದು. 'ಡು ಅವೇ ವಿತ್' ಎಂದರೆ ತೊಡೆದುಹಾಕುವುದು. ಕೊನೆಯ ಕಿರುಪದವೊಂದನ್ನು ಬಿಟ್ಟು 'ಪುಟ್ ಅಪ್' ಎಂದು ನಿಲ್ಲಿಸಿದರೆ ಸಹಿಸುವ ಅರ್ಥ ಹಾರಿಹೋಗಿ ಅತಿಥಿಗೆ ತಂಗಲು ಎಡೆಕೊಡುವ ಅರ್ಥ ಬರುತ್ತದೆ. ಕೆಲವು ಅತಿಥಿಗಳ ವಿಷಯದಲ್ಲಿ ಎರಡೂ ಒಂದೇ ಎಂಬುದು ಬೇರೆಯ ಮಾತು.

ನೋಡಲು ಅವಳಿಗಳಂತೆ ಇದ್ದರೂ ಈ ಎರಡು ಕಿರುಪದಗಳ ಕೆಲಸ ಒಂದೇ ಅಲ್ಲ. 'ಅಪ್' ಎಂಬುದು ಕ್ರಿಯಾಪದದ ಮೈಗೆ ಅಂಟಿದುದು. ಕ್ರಿಯೆಯ ಅರ್ಥವನ್ನು ತಿರುಗಿಸುವುದು ಅದರ ಕೆಲಸ. 'ವಿತ್' ಎಂಬುದು ಮುಂದೆ ಬರುವ ನಾಮಪದದ ಕಡೆಗೆ ಕೈಚಾಚಿ ನಿಂತಿರುವುದು. ನಮ್ಮ ವಿಭಕ್ತಿ ಮಾಡುವ ಕೆಲಸವನ್ನು ಅದು ಮಾಡುತ್ತದೆ. ಈ ಭೇದ ತಿಳಿಯದಿದ್ದರೆ 'ಲುಕ್ ಫಾರ್ವರ್ಡ್ ಟು' ಆದಮೇಲೆ 'ಸೀ' ಎಂದು ಬರೆದು ಅಂಕ ಕಳೆದುಕೊಳ್ಳಬೇಕಾಗುತ್ತದೆ. ಅಲ್ಲಿಯ 'ಟು' ನಾಮಪದವನ್ನು ಬೇಡುವಂಥದು. ಆದುದರಿಂದಲೇ 'ಸೀಯಿಂಗ್' ಎಂಬ ರೂಪ ಅಲ್ಲಿಗೆ ಸಲ್ಲುತ್ತದೆ.

ಇಷ್ಟನ್ನು ಹೇಳಿ ಹುಡುಗನನ್ನು ಕಳುಹಿಸಬಹುದಿತ್ತು. ಆದರೆ "ಇಂಗ್ಲಿಷಿಗೆ ತರ್ಕವೇ ಇಲ್ಲ ಸಾರ್, ನಮ್ಮ ಭಾಷೆಯೇ ವಾಸಿ" ಎಂದ ಅವನ ಮಾತು ನನ್ನನ್ನು ತಡೆಯಿತು. ನಮ್ಮದು ವಾಸಿಯೆ? 'ಸಹಿಸಿಕೊಂಡು ಹೋಗು' ಎನ್ನುತ್ತೇವೆ. ಸಹಿಸುವವನು ಕೊಳ್ಳುವುದೇನನ್ನು, ಹೋಗುವುದೆಲ್ಲಿಗೆ? 'ಬಿಟ್ಟುಕೊಡು' ಎನ್ನುತ್ತೇವೆ, ಬಿಡುವುದೂ ಕೊಡುವುದೂ ಒಟ್ಟಿಗೆ ಸೇರಿ ಸೋಲೊಪ್ಪುವುದಾಯಿತು. ಸಂಸ್ಕೃತದಲ್ಲಿ ಬಾಲಂಗೋಚಿ ಮುಂದುಗಡೆ. 'ಹೃ' ಎಂಬ ಧಾತುವಿಗೆ 'ಆ' ಹತ್ತಿದರೆ ಆಹಾರ, 'ಸಮ್' ಹತ್ತಿದರೆ ಸಂಹಾರ. ಅಲ್ಲಿಯೂ ಉಪಸರ್ಗಗಳು ಜೋಡಿಯಾಗಿ ಬರುವುದುಂಟು: 'ವಿ' ಮತ್ತು 'ಅವ' ಕೂಡಿ ವ್ಯವಹಾರ, 'ಉದ್' ಮತ್ತು 'ಆ' ಕೂಡಿ ಉದಾಹರಣೆ. ದಿನಕ್ಕೆ ಹತ್ತು ಸಲ ವ್ಯವಹಾರ ಎನ್ನುವ ವರ್ತಕನು ಎರಡು ಉಪಸರ್ಗಗಳನ್ನು ಬಿಡಿಸಿ ನೋಡುತ್ತಾನೆಯೆ? ಗಾಳಿಪಟಕ್ಕೆ ಬಾಲಂಗೋಚಿ ಏಕೆಂದು ಕೇಳದೆಯೇ ಹುಡುಗರು ಅದನ್ನು ಹಾರಿಸುತ್ತಾರೆ.

ವಿಭಕ್ತಿಯ ಮಾತಿಗೆ ಬಂದರಂತೂ ಭಾಷೆಗೊಂದು ನ್ಯಾಯ. ಹಾವನ್ನು ಕಂಡ ಭಯ ಲೋಕದಲ್ಲೆಲ್ಲ ಒಂದೇ. ಆದರೆ ಕನ್ನಡಿಗನು ಹಾವಿಗೆ ಹೆದರುತ್ತಾನೆ, ಇಂಗ್ಲಿಷಿನವನು 'ಆಫ್' ಹಚ್ಚುತ್ತಾನೆ, ಪಾಣಿನಿಯು ಭಯದ ಕಾರಣವನ್ನು ಅಪಾದಾನವೆಂದು ಕರೆದು ಪಂಚಮಿಯನ್ನು ವಿಧಿಸುತ್ತಾನೆ. ಕೋಪಕ್ಕೆ ಪಾಣಿನಿಯಲ್ಲಿ ಚತುರ್ಥಿ, ಇಂಗ್ಲಿಷಿನಲ್ಲಿ 'ವಿತ್', ನಮ್ಮಲ್ಲಿ 'ಮೇಲೆ'. ಆದುದರಿಂದಲೇ ನಮ್ಮ ಹುಡುಗ 'ಆಂಗ್ರಿ ಆನ್ ಹಿಮ್' ಎಂದು ಬರೆಯುತ್ತಾನೆ. ಅವನೊಂದಿಗೆ ಮದುವೆಯಾದಳು ಎಂಬುದು 'ಮ್ಯಾರೀಡ್ ವಿತ್' ಆಗುತ್ತದೆ. ವಿಷಯದ ಬಗ್ಗೆ ಚರ್ಚಿಸಿದರು ಎಂಬುದು 'ಡಿಸ್ಕಸ್ಡ್ ಎಬೌಟ್' ಆಗುತ್ತದೆ. ಈ ಕೊನೆಯದರಲ್ಲಿ ತಪ್ಪು ಪೂರ್ತಿಯಾಗಿ ಹುಡುಗನದಲ್ಲ. 'ಡಿಸ್ಕಶನ್' ಎಂಬ ನಾಮಪದಕ್ಕೆ 'ಎಬೌಟ್' ಹಚ್ಚಲು ಬಿಟ್ಟು, ಕ್ರಿಯಾಪದಕ್ಕೆ ಹಚ್ಚಬಾರದೆನ್ನುವ ಆ ಭಾಷೆಯ ಹಟವೂ ಸ್ವಲ್ಪ ಇದೆ. ಇವನ್ನು ನಾವು ಅಜ್ಞಾನವೆಂದು ಕರೆಯುತ್ತೇವೆ. ಅಜ್ಞಾನವಲ್ಲ, ಒಂದು ಭಾಷೆಯ ನಿಷ್ಠೆಯನ್ನು ಇನ್ನೊಂದು ಭಾಷೆಯ ಮನೆಗೆ ಕೊಂಡೊಯ್ದುದು ಅಷ್ಟೆ.

ಇದನ್ನು ಇಷ್ಟು ಧೈರ್ಯದಿಂದ ಹೇಳುವ ನಾನೇ ಬಹಳ ಕಾಲ ಬೇರೆಯ ಬಗೆಯಲ್ಲಿ ನಡೆದುಕೊಂಡವನು. ನಾನು ಘಟ್ಟದ ಮೇಲಿನವನು. ಈ ಊರಿಗೆ ಬಂದ ಹೊಸತರಲ್ಲಿ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ 'ಅವನಲ್ಲಿ ಹೇಳಿದೆ', 'ಅಮ್ಮನಲ್ಲಿ ಕೇಳಿದೆ' ಎಂದು ಕಂಡರೆ ಕೆಂಪು ಮಸಿಯಿಂದ ಹೊಡೆದು, 'ಅವನಿಗೆ', 'ಅಮ್ಮನನ್ನು' ಎಂದು ತಿದ್ದುತ್ತಿದ್ದೆ. ಒಬ್ಬ ವಿದ್ಯಾರ್ಥಿನಿಯಂತೂ ತರಗತಿಯಲ್ಲಿ ಬಾಯಿ ತೆರೆದಾಗಲೆಲ್ಲ ನಾನು ತಡೆದು ತಿದ್ದಿದೆ. ಕೆಲವು ವಾರಗಳಲ್ಲಿ ಆಕೆ ಉತ್ತರ ಹೇಳುವುದನ್ನೇ ಬಿಟ್ಟಳು. ಬಲ್ಲಳಾಗಿಯೂ ತಲೆತಗ್ಗಿಸಿ ಕುಳಿತಿರುತ್ತಿದ್ದಳು. ಅದನ್ನು ಶಿಸ್ತು ಎಂದು ನಾನು ತಿಳಿದಿದ್ದೆನಲ್ಲ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಕಣ್ಣು ತೆರೆಸಿದುದು ಯಾವ ಶಾಸ್ತ್ರಗ್ರಂಥವೂ ಅಲ್ಲ, ನಾನೇ ಬರೆದ ಒಂದು ರಜೆಯ ಅರ್ಜಿ. "ತಮ್ಮಲ್ಲಿ ವಿನಂತಿಸಿಕೊಳ್ಳುತ್ತೇನೆ" ಎಂದು ಬರೆದು ಸಹಿ ಹಾಕುವಾಗ ಲೇಖನಿ ನಿಂತಿತು. ದೇವರಲ್ಲಿ ಬೇಡಿಕೊಳ್ಳಬಹುದು, ಪ್ರಾಂಶುಪಾಲರಲ್ಲಿ ವಿನಂತಿಸಬಹುದು. ಅಮ್ಮನಲ್ಲಿ ಕೇಳಿದರೆ ಮಾತ್ರ ತಪ್ಪೆ?

ಆಮೇಲೆ ಮಾರುಕಟ್ಟೆಯಲ್ಲಿ ಕಿವಿಗೊಟ್ಟೆ. ಮೀನು ಮಾರುವ ಹೆಂಗಸರ ತುಳುವಿನಲ್ಲಿ 'ಅವನಿಗೆ ಕೊಡಿ' ಎಂಬುದು 'ಆಯಗ್ ಕೊರ್ಲೆ'. 'ಅವನಿಗೆ ಹೇಳಿ' ಎಂಬುದು 'ಆಯಡ ಪನ್ಲೆ'. ಕೊಡುವುದಕ್ಕೆ ಒಂದು ಪ್ರತ್ಯಯ, ಹೇಳುವುದಕ್ಕೂ ಕೇಳುವುದಕ್ಕೂ ಬೇರೊಂದು. ಮಾತನ್ನು ವಸ್ತುವಿನಂತೆ ಒಬ್ಬರ ಕೈಗೆ ಹಾಕಲಾಗದು, ಅವರ ಬಳಿಯಲ್ಲಿ ಇಡಬೇಕು ಎಂಬಂತೆ ಆ ಭಾಷೆ ವಿಂಗಡಿಸಿದೆ. ಕೊಂಕಣಿಯವರೂ 'ತಾಚೆಲಾಗಿಂ', ಅಂದರೆ ಅವನ ಹತ್ತಿರ, ಎಂದು ಹೇಳುವುದನ್ನು ಕೇಳಿದ್ದೇನೆ. ಘಟ್ಟದ ಮೇಲಿನ ನನ್ನ ಕನ್ನಡದಲ್ಲಿ ಕೊಡುವುದಕ್ಕೂ ಹೇಳುವುದಕ್ಕೂ ಒಂದೇ ಚತುರ್ಥಿ. ಹೀಗಿರುವಾಗ 'ಅವನಲ್ಲಿ ಹೇಳಿದೆ' ಎಂದ ಹುಡುಗಿ ನನಗಿಲ್ಲದ ಒಂದು ಭೇದವನ್ನು ಕನ್ನಡದೊಳಕ್ಕೆ ತಂದಿದ್ದಳು; ನಾನು ಅದನ್ನು ಕೆಂಪು ಮಸಿಯಲ್ಲಿ ಅಳಿಸುತ್ತಿದ್ದೆ.

ಈ ಸಂಗತಿ ತಿಳಿಯಲು ನಾನು ದೂರ ಹೋಗಬೇಕಾಗಿರಲಿಲ್ಲ ಎಂಬುದೇ ನಾಚಿಕೆಯ ಮಾತು. ಕಿಟ್ಟೆಲ್ಲರು ಸಂಪಾದಿಸಿದ ಕೇಶಿರಾಜನ ಶಬ್ದಮಣಿದರ್ಪಣವು 1872ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಪ್ರಕಟವಾಯಿತು. ಬ್ರಿಗೆಲ್ಲರ ತುಳು ವ್ಯಾಕರಣವೂ ಅದೇ ವರ್ಷ, ಅಲ್ಲಿಂದಲೇ. ಹತ್ತು ವರ್ಷಗಳ ಬಳಿಕ, 1882ರಲ್ಲಿ, ಮಾಫೆಯಿ ಪಾದ್ರಿಗಳ ಕೊಂಕಣಿ ವ್ಯಾಕರಣವೂ ಇಲ್ಲಿಯೇ ಅಚ್ಚಾಯಿತು. ಮೂರೂ ಭಾಷೆಗಳ ವಿಭಕ್ತಿಗಳು ಒಂದೇ ಊರಿನಲ್ಲಿ ಅಚ್ಚುಮೊಳೆಗಳಾಗಿ ಕುಳಿತಿದ್ದವು. ಒಂದು ವಿಭಕ್ತಿಯ ಎಡೆಯಲ್ಲಿ ಇನ್ನೊಂದು ಬರುವುದನ್ನು ಕೇಶಿರಾಜನೇ ಕಂಡಿದ್ದ. ವಿಭಕ್ತಿಪಲ್ಲಟವೆಂದು ನಮ್ಮ ವ್ಯಾಕರಣ ಅದಕ್ಕೊಂದು ಗೌರವದ ಹೆಸರನ್ನೇ ಇಟ್ಟಿದೆ. ಹದಿಮೂರನೆಯ ಶತಮಾನದ ವೈಯಾಕರಣನಿಗೆ ಇದ್ದ ತಾಳ್ಮೆ ನನಗಿರಲಿಲ್ಲ.

ಹಾಗೆಂದು ಬಂದದ್ದೆಲ್ಲ ಬರಲಿ ಎಂಬ ಪಕ್ಷದವನೂ ನಾನಲ್ಲ. ಈಚೆಗೆ ಇಂಗ್ಲಿಷಿನ ಕಿರುಪದಗಳೇ ವೇಷ ಮರೆಸಿಕೊಂಡು ಕನ್ನಡದ ಕ್ರಿಯಾಪದಗಳ ಬೆನ್ನು ಹಿಡಿಯುತ್ತಿವೆ. 'ಬೆಳೆಯು ಮಳೆಯನ್ನು ಅವಲಂಬಿಸಿದೆ' ಎಂದರೆ ಸಾಕಾಗಿತ್ತು; 'ಡಿಪೆಂಡ್ಸ್ ಆನ್' ಎಂಬುದು ಕಣ್ಣ ಮುಂದಿದ್ದವರು 'ಮಳೆಯ ಮೇಲೆ ಅವಲಂಬಿಸಿದೆ' ಎಂದು ಬರೆಯುತ್ತಾರೆ. ಇದಕ್ಕೂ 'ಅವನಲ್ಲಿ ಕೇಳಿದೆ' ಎಂಬುದಕ್ಕೂ ಏನು ಅಂತರವೆಂದು ಮಿತ್ರರೊಬ್ಬರು ನನ್ನನ್ನು ಹಿಡಿದು ನಿಲ್ಲಿಸಿದರು. ಎರಡೂ ಪರಭಾಷೆಯ ಪ್ರಭಾವ ತಾನೆ ಎಂದರು. ನನಗೆ ತೋರುವುದು ಇಷ್ಟು: ಒಂದು, ತಲೆಮಾರುಗಳಿಂದ ಜನರ ನಾಲಗೆಯ ಮೇಲೆ ಬೆಳೆದುದು, ಇನ್ನೊಂದು, ಭಾಷಾಂತರದ ಅವಸರದಲ್ಲಿ ಮೇಜಿನ ಮೇಲೆ ಹುಟ್ಟಿದುದು. ಆದರೆ 'ಕಾಯ್ದೆಯ ಅಡಿಯಲ್ಲಿ' ಎಂಬುದೂ ಹಾಗೆಯೇ ಮೇಜಿನ ಮೇಲೆ ಹುಟ್ಟಿದ್ದು. ಅದನ್ನು ನಾನು ಸಂಕೋಚವಿಲ್ಲದೆ ಬಳಸುತ್ತೇನೆ ಎಂಬುದನ್ನೂ ಮಿತ್ರರು ಮರೆಯದೆ ನೆನಪಿಸಿದರು. ಅವರ ಮಾತಿಗೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ.

ಆದರೂ ಅಧ್ಯಾಪಕರಾದವರು ಮಾಡಬಹುದಾದ ಕೆಲಸ ಒಂದುಂಟು. ಹಾರ್ನ್‌ಬಿ ಎಂಬ ಇಂಗ್ಲಿಷ್ ಉಪಾಧ್ಯಾಯರು ಜಪಾನಿನಲ್ಲಿ ಕಲಿಸುತ್ತ, ಅಲ್ಲಿಯ ವಿದ್ಯಾರ್ಥಿಗಳ ತೊಡಕುಗಳನ್ನು ಕಣ್ಣಾರೆ ಕಂಡು, ಯಾವ ಕ್ರಿಯಾಪದ ಯಾವ ರಚನೆಯನ್ನು ಬೇಡುತ್ತದೆಂದು ತೋರಿಸುವ ನಿಘಂಟನ್ನು ಇಬ್ಬರು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದರು. 1942ರಲ್ಲಿ ಟೋಕಿಯೋದಲ್ಲಿ ಬಂದ ಆ ಪುಸ್ತಕವೇ 1948ರಲ್ಲಿ ಆಕ್ಸ್‌ಫರ್ಡಿನವರ ಕೈಸೇರಿ ಜಗತ್ತಿನ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾಯಿತು. ಪರರು ಎಡವುವ ಜಾಗದಲ್ಲಿ ದೀಪವಿಟ್ಟ ಕೆಲಸ ಅದು. ಕನ್ನಡದ ತರಗತಿಯಲ್ಲಿ ನಾವು ವಿಭಕ್ತಿ ಪ್ರತ್ಯಯಗಳನ್ನು ಸಾಲಾಗಿ ಬಾಯಿಪಾಠ ಮಾಡಿಸಿ ಮುಗಿಸುತ್ತೇವೆ. 'ಹೆದರು' ಏನನ್ನು ಬೇಡುತ್ತದೆ, 'ಅವಲಂಬಿಸು' ಏನನ್ನು ಬೇಡುತ್ತದೆ, 'ಕಾಯು' ಎಂಬುದಕ್ಕೆ 'ಬಸ್ಸನ್ನು' ಸರಿಯೋ 'ಬಸ್ಸಿಗೆ' ಸರಿಯೋ ಎಂದು ಕ್ರಿಯಾಪದದ ಕಡೆಯಿಂದ ಕಲಿಸುವುದಿಲ್ಲ. ಕರಾವಳಿಯ ಮಕ್ಕಳಿಗಾದರೆ ಪಕ್ಕದಲ್ಲಿಯೇ ತುಳು, ಕೊಂಕಣಿ, ಬ್ಯಾರಿ ನುಡಿಗಳ ರೂಪವನ್ನೂ ಕೇಳಿ ಬರೆಸಬಹುದು. ಅದೇ ಅಭ್ಯಾಸವಿದ್ದವನಿಗೆ 'ಪುಟ್ ಅಪ್ ವಿತ್' ಎಂಬುದು ಮೂರು ಪದಗಳ ಒಗಟಾಗಿ ಕಾಣದೆ, ಒಂದೇ ಕ್ರಿಯೆ ತನ್ನ ವಿಭಕ್ತಿಯೊಡನೆ ಬಂದಂತೆ ಕಾಣುತ್ತದೆ.

ಹುಡುಗನಿಗೆ ಇದರಲ್ಲಿ ಅರ್ಧವನ್ನಾದರೂ ಹೇಳಿದೆನೆಂದು ನೆನಪು. ಅವನು ನೋಟು ಪುಸ್ತಕದ ಒಂದು ಪುಟದಲ್ಲಿ ನಾಲ್ಕು ಗೀಟು ಎಳೆದು ಇಂಗ್ಲಿಷು, ಕನ್ನಡ, ತುಳು ಎಂದು ತಲೆಬರಹ ಹಾಕಿದ. 'ಪುಟ್ ಅಪ್ ವಿತ್' ಎಂಬುದರ ಎದುರು 'ಸಹಿಸಿಕೊಂಡು ಹೋಗು' ಎಂದು ಬರೆದು, ತುಳುವಿನ ಅಂಕಣವನ್ನು ಖಾಲಿ ಬಿಟ್ಟು ಎದ್ದ. ಗೇಟಿನ ಬಳಿ ತಿರುಗಿ ನಿಂತು, "ಅಜ್ಜಿಯಲ್ಲಿ ಕೇಳಿ ಬರ್ತೇನೆ ಸಾರ್" ಎಂದ. ಹಾಗೆಯೇ ಆಗಲಿ ಎಂದೆ.