ಮನೆಯ ಬಾಗಿಲು ಮತ್ತು ಕೋವಿ

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಊರಿನಿಂದ ದೂರವಾಗಿ ತೋಟದ ಮನೆಯಲ್ಲಿ ವಾಸಮಾಡತಕ್ಕ ಗೃಹಸ್ಥರು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು. ರಾತ್ರಿ ಕಳ್ಳನು ಬಾಗಿಲು ಮುರಿದು ಒಳನುಗ್ಗಿದರೆ ನಾವು ಕೈಕಟ್ಟಿ ನಿಲ್ಲಬೇಕೆ? ಹೊಡೆದರೆ ಹೊಡೆದವನೇ ಸೆರೆಮನೆಗೆ ಹೋಗಬೇಕೆ? ನಮ್ಮ ವಾಚಕರಲ್ಲಿ ಅನೇಕರು ಉಪಾಧ್ಯಾಯರು; ಊರಿನವರು ಇಂತಹ ಮಾತನ್ನು ಮೊದಲು ಕೇಳುವುದು ಅವರನ್ನೇ. ಆದುದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ನಮ್ಮ ಕರ್ತವ್ಯವೆಂದು ಬಗೆದಿದ್ದೇವೆ.

1860ರ ದಂಡಸಂಹಿತೆಯಲ್ಲಿ 96ರಿಂದ 106ರವರೆಗೆ ಇದ್ದ ವಿಧಿಗಳೇ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗೆ ಹೆಚ್ಚುಕಡಿಮೆ ಹಾಗೆಯೇ ಬಂದು ಕುಳಿತಿವೆ. ಅವುಗಳ ಸಾರವಿಷ್ಟು: ಪ್ರತಿಯೊಬ್ಬನಿಗೂ ತನ್ನ ದೇಹವನ್ನೂ ಪರರ ದೇಹವನ್ನೂ ಸ್ವತ್ತನ್ನೂ ಕಾಯುವ ಹಕ್ಕುಂಟು. ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಕನ್ನ ಹಾಕಿದವನು, ದರೋಡೆಕೋರ, ವಾಸದ ಮನೆಗೆ ಬೆಂಕಿ ಇಡುವವನು, ಪ್ರಾಣಭಯವನ್ನಾಗಲಿ ತೀವ್ರ ಗಾಯದ ಭಯವನ್ನಾಗಲಿ ಹುಟ್ಟಿಸಿ ಮನೆ ಹೊಕ್ಕವನು, ಇವರ ಎದುರಿನಲ್ಲಿ ಈ ಹಕ್ಕು ಪ್ರಾಣ ತೆಗೆಯುವವರೆಗೂ ವಿಸ್ತರಿಸಬಲ್ಲುದು. ಆದರೆ ಅವಶ್ಯಕ್ಕಿಂತ ಹೆಚ್ಚು ಹಾನಿಯನ್ನು ಮಾಡಕೂಡದು. ಅಧಿಕಾರಿಗಳ ರಕ್ಷಣೆಯನ್ನು ಪಡೆಯಲು ಸಮಯವಿದ್ದಲ್ಲಿ ಹಕ್ಕೇ ಹುಟ್ಟುವುದಿಲ್ಲ.

ಈ ಎರಡನೆಯ ಮಾತನ್ನು ನಮ್ಮವರು ಮರೆಯುತ್ತಾರೆ. ದೇವನಹಳ್ಳಿಯ ಚಕ್ಕೋತದ ತೋಟಕ್ಕೆ ಹುಡುಗನೊಬ್ಬನು ಬೇಲಿ ಹಾರಿ ಬಂದನೆನ್ನೋಣ. ಅವನು ಕಳ್ಳನೇ ಸರಿ. ಆದರೆ ಹಣ್ಣಿನ ಕಳ್ಳನನ್ನು ಗುಂಡಿಕ್ಕಿದರೆ ಅದು ಆತ್ಮರಕ್ಷಣೆಯಲ್ಲ, ಕೊಲೆ. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದದ್ದೂ, ಹಿಡಿದು ಕಂಬಕ್ಕೆ ಕಟ್ಟಿ ಊರೆಲ್ಲ ಸೇರಿ ಬಡಿದದ್ದೂ ಆತ್ಮರಕ್ಷಣೆಯಲ್ಲ. ಬೇಲಿಗೆ ವಿದ್ಯುತ್ತನ್ನು ಹಾಯಿಸಿ ಮಲಗುವ ಧೈರ್ಯವಂತರೂ ನಮ್ಮಲ್ಲಿದ್ದಾರೆ. ತನ್ನ ಶೌಚಾಲಯಕ್ಕೆ ಹೀಗೆಯೇ ತಂತಿ ಹೂಡಿ ಒಬ್ಬ ಹೆಂಗಸಿನ ಸಾವಿಗೆ ಕಾರಣನಾದ ಬಿಹಾರದ ಗೃಹಸ್ಥನಿಗೆ ಆದ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 1963ರಲ್ಲಿಯೇ ಎತ್ತಿಹಿಡಿಯಿತು. ಅಪ್ಪಣೆಯಿಲ್ಲದೆ ಒಳಬಂದವನು ಕಾನೂನಿನ ಆಶ್ರಯವನ್ನು ಕಳೆದುಕೊಂಡವನಲ್ಲವೆಂಬುದು ಆ ತೀರ್ಪಿನ ತಿರುಳು.

ಹಾಗೆಂದು ನ್ಯಾಯಾಲಯವು ಹೇಡಿತನವನ್ನು ಬೋಧಿಸಿಲ್ಲ. 2010ರಲ್ಲಿ ಪಂಜಾಬಿನಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮೇಲೆ ಬಿದ್ದವನಿಗೆ ಹೆದರಿ ಓಡಬೇಕೆಂಬ ಕಟ್ಟಳೆಯಿಲ್ಲ, ಪ್ರಾಣಸಂಕಟದಲ್ಲಿ ಕೊಟ್ಟ ಪೆಟ್ಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಎಂದು ಸ್ಪಷ್ಟಪಡಿಸಿತು. ಸದ್ಭಾವದಿಂದ ಹಕ್ಕಿನ ಎಲ್ಲೆಯನ್ನು ದಾಟಿದವನಿಗೂ ಕೊಲೆಯ ಅಪರಾಧವು ತಗಲದೆ, ಅದಕ್ಕಿಂತ ಕಡಿಮೆಯ ಅಪರಾಧವಾಗಿ ಪರಿಣಮಿಸಬಹುದು.

ಇನ್ನು ಕೋವಿಯ ಮಾತು. ತಮಾಷೆಯೇನೆಂದರೆ, 1837ರ ಕರಡನ್ನು ಬರೆದ ಮೆಕಾಲೆಯವರಿಗೆ ಈ ದೇಶದವರು ದರೋಡೆಕೋರರ ಹಾವಳಿಯನ್ನು ಅತಿಯಾಗಿ ಸಹಿಸುವವರೆಂದು ತೋರಿತ್ತು. ಅದಕ್ಕಾಗಿಯೇ ಹಕ್ಕನ್ನು ಧಾರಾಳವಾಗಿ ಬರೆದರು. 1878ರಲ್ಲಿ ಲಿಟ್ಟನರ ಸರಕಾರವು ಶಸ್ತ್ರಕಾಯಿದೆಯನ್ನು ತಂದು, ಯುರೋಪಿಯನರಿಗೆ ವಿನಾಯಿತಿ ಕೊಟ್ಟು, ನಮ್ಮವರ ಕೈಯನ್ನು ಬರಿದುಮಾಡಿತು. ಒಂದು ಕೈಯಿಂದ ಹಕ್ಕು, ಇನ್ನೊಂದು ಕೈಯಿಂದ ನಿಶ್ಶಸ್ತ್ರೀಕರಣ! 1931ರ ಕರಾಚಿ ಕಾಂಗ್ರೆಸ್ಸು ಶಸ್ತ್ರಧಾರಣೆಯನ್ನು ಪ್ರಜೆಯ ಹಕ್ಕುಗಳಲ್ಲಿ ಸೇರಿಸಿದ್ದುಂಟು. ಆದರೆ 1948ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಜನಿಸಿದ ಎಚ್. ವಿ. ಕಾಮತರು ಅದನ್ನು ರಾಜ್ಯಾಂಗದಲ್ಲಿ ಸೇರಿಸಬೇಕೆಂದು ವಾದಿಸಿದಾಗ ಡಾ. ಅಂಬೇಡ್ಕರರು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಇಂದು ನಮ್ಮನ್ನು ಆಳುವುದು 1959ರ ಶಸ್ತ್ರಕಾಯಿದೆ. ಜಿಲ್ಲಾಧಿಕಾರಿಗಳ ಲೈಸೆನ್ಸಿಲ್ಲದೆ ಬಂದೂಕನ್ನು ಇಡಕೂಡದು. 2019ರ ತಿದ್ದುಪಡಿಯಿಂದ ಒಬ್ಬನಿಗೆ ಎರಡಕ್ಕಿಂತ ಹೆಚ್ಚಿಲ್ಲ. ಒಂದೇ ಕನ್ನಡನಾಡಿನಲ್ಲಿ ಕೊಡವರಿಗೆ ಪೂರ್ವದಿಂದ ಬಂದ ವಿನಾಯಿತಿಯಿದ್ದು, ಅದು 2029ರವರೆಗೆ ಮುಂದುವರಿದಿದೆ. 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೋವಿಯನ್ನು ಪೂಜಿಸಿ, ಮಕ್ಕಳಿಗೆ ಅದರ ಮರ್ಯಾದೆಯನ್ನು ಕಲಿಸುವ ಆ ಜನರ ಸಂಪ್ರದಾಯವು ನಮ್ಮ ಬಯಲುಸೀಮೆಯ ಮನೆಗಳಲ್ಲಿ ಇಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಕೋವಿಯಿದ್ದರೆ ಮನೆ ಭದ್ರವೆನ್ನುವವರು ನಮ್ಮ ಜಿಲ್ಲೆಯದೇ ಅನುಭವವನ್ನು ನೆನೆಯಲಿ. ಹೊಸಕೋಟೆಯ ಬಳಿಯ ದಂಡುಪಾಳ್ಯದ ಹೆಸರಿನಿಂದ ಕುಪ್ರಸಿದ್ಧವಾದ ತಂಡವು 1990ರ ದಶಕದ ಕೊನೆಯ ವರ್ಷಗಳಲ್ಲಿ ಮನೆಮನೆಗೆ ಬಂದದ್ದು ಕತ್ತಲಲ್ಲಿ ಕನ್ನ ಹಾಕಿಯಲ್ಲ. ಹಗಲಿನಲ್ಲಿ ಬಾಗಿಲು ತಟ್ಟಿ, ಕುಡಿಯಲು ನೀರು ಕೇಳಿತು. ಬಾಯಾರಿದವರಿಗೆ ನೀರು ಕೊಡುವುದು ಧರ್ಮವೆಂದು ಬಾಗಿಲು ತೆರೆದ ಗೃಹಿಣಿಯ ಮೇಲೆ ಎರಗಿತು. ಮುಂದೆ ವಿಶೇಷ ನ್ಯಾಯಾಲಯವು ಆ ತಂಡದ ಹಲವರಿಗೆ ಮರಣದಂಡನೆಯನ್ನು ವಿಧಿಸಿತು. ಅಂತಹ ಗಳಿಗೆಯಲ್ಲಿ ಆ ತಾಯಿಗೆ ಕಾನೂನು ಪೂರ್ಣ ಹಕ್ಕನ್ನು ಕೊಟ್ಟಿತ್ತು, ಕೊಡದಿದ್ದುದು ಸಮಯವನ್ನು. ಬೀರುವಿನಲ್ಲಿ ಬೀಗ ಹಾಕಿಟ್ಟ ಬಂದೂಕು ಅವಳಿಗೇನು ಮಾಡೀತು? ಬೀಗ ಹಾಕದೆ ಮೂಲೆಯಲ್ಲಿ ನಿಲ್ಲಿಸಿದ್ದರೆ, ದರೋಡೆಕೋರನಿಗಿಂತ ಮುಂಚೆ ಅದು ಮನೆಯ ಮಗುವಿನ ಕೈಗೆ ಸಿಕ್ಕೀತು. ಕುಡಿದು ಜಗಳಾಡುವ ಗಂಡನ ಕೈಗೆ ಸಿಕ್ಕೀತು. (ಕೆಲವರ ಪಾಪಕ್ಕಾಗಿ ಒಂದು ಊರಿನ ಹೆಸರೇ ಸಿನಿಮಾದವರ ಪಾಲಾದುದು ಬೇರೊಂದು ಅನ್ಯಾಯ, ಆ ಊರಿನ ಸಜ್ಜನರ ಬಗ್ಗೆ ನಮಗೆ ಮರುಕವಿದೆ.)

ಆದಕಾರಣ ಬಾಗಿಲಿಗೆ ಸರಪಳಿ, ಕಿಟಕಿಯಿಂದಲೇ ನೀರಿನ ಚೊಂಬು, ಕೂಗಿದರೆ ಓಗೊಡುವ ನೆರೆಮನೆ, 112ಕ್ಕೆ ಕರೆ, ಇವು ಮೊದಲು. ಇಷ್ಟಾದ ಮೇಲೂ ಒಂಟಿಮನೆಯ ವೃದ್ಧದಂಪತಿಗಳು ಲೈಸೆನ್ಸನ್ನು ಬೇಡಿದರೆ ಅದನ್ನು ದುರಹಂಕಾರವೆಂದು ತಳ್ಳಬಾರದು. ಅರ್ಜಿಗಳು ತಿಂಗಳುಗಟ್ಟಲೆ ಕೊಳೆಯುವುದೂ, ಚುನಾವಣೆ ಬಂದೊಡನೆ ಎಲ್ಲರ ಬಂದೂಕನ್ನೂ ಒಂದೇ ಆಜ್ಞೆಯಿಂದ ಠಾಣೆಗೆ ತರಿಸುವುದೂ ನಮಗೆ ಸರಿತೋರದು. ಪುಂಡನನ್ನೂ ಒಂಟಿ ರೈತನನ್ನೂ ಬೇರೆಬೇರೆಯಾಗಿ ವಿಚಾರಿಸಿ ನಿರ್ಣಯಿಸುವುದಕ್ಕಾಗಿಯೇ ಪರಿಶೀಲನಾ ಸಮಿತಿಯೆಂಬುದಿದೆ. ನಾಲ್ಕು ತಾಲ್ಲೂಕುಗಳ ಠಾಣೆಗಳೂ 34ರಿಂದ 44ರವರೆಗಿನ ವಿಧಿಗಳನ್ನು ತಿಳಿಗನ್ನಡದಲ್ಲಿ ಅಚ್ಚುಮಾಡಿಸಿ, ಪ್ರತಿಯೊಂದು ಗ್ರಾಮ ಪಂಚಾಯಿತಿಯ ಗೋಡೆಗೂ ಶಾಲೆಯ ಗೋಡೆಗೂ ಹಚ್ಚಿಸಬೇಕೆಂದು ನಾವು ಜಿಲ್ಲೆಯ ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇವೆ.