ಸರಕು ವಿಮಾನ ನೀರಿಗಿಳಿಯಲೇಬೇಕೆ?

ಮಳೆ ಚೆನ್ನಾಗಿ ಬಿದ್ದ ವರ್ಷ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಂತವರಿಗೆ ಅದು ಕೆರೆಯೆಂದು ಅನ್ನಿಸುವುದಿಲ್ಲ. ಶಾಂತಿಸಾಗರವೆಂಬ ಅದರ ಇನ್ನೊಂದು ಹೆಸರೇ ಹೆಚ್ಚು ಒಪ್ಪುತ್ತದೆ. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರು ಸುಮಾರು 6,500 ಎಕರೆಯಷ್ಟು ಹರಡಿಕೊಳ್ಳುತ್ತದೆ. ಏಷ್ಯಾದ ಎರಡನೆಯ ದೊಡ್ಡ ಕೆರೆ ಎಂದು ದಾವಣಗೆರೆ ಜಿಲ್ಲೆಯವರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಇಷ್ಟು ಅಗಲದ, ಅಲೆಯಿಲ್ಲದ ನೀರಿನ ಮೇಲೆ ವಿಮಾನವೇಕೆ ಇಳಿಯಬಾರದು ಎಂಬ ಪ್ರಶ್ನೆ ನೋಡಿದವರ ಮನಸ್ಸಿನಲ್ಲಿ ಏಳುವುದು ಸಹಜ.

ಈ ಪ್ರಶ್ನೆ ಈಗ ಬರೀ ಕುತೂಹಲದ್ದಾಗಿ ಉಳಿದಿಲ್ಲ. ನಾಲ್ಕು ಉಭಯಚರ ವಿಮಾನಗಳನ್ನು ಗುತ್ತಿಗೆಯ ಮೇಲೆ ಪಡೆಯುವ ಉದ್ದೇಶದಿಂದ ಭಾರತೀಯ ನೌಕಾಪಡೆ 2025ರ ಜನವರಿಯಲ್ಲಿ ಕಂಪೆನಿಗಳಿಂದ ಮಾಹಿತಿ ಕೋರಿತು. ನಾಗರಿಕ ವಿಮಾನಯಾನದ ಉಡಾನ್ ಯೋಜನೆಯಡಿ ಜಲ ವಿಮಾನ ನಿಲ್ದಾಣಗಳ ಮಾತು ಬಂದಾಗಲೆಲ್ಲ ಕರ್ನಾಟಕದ ಕಾಳಿ, ಕಬಿನಿ ನೀರುಗಳ ಹೆಸರು ಕೇಳಿಬಂದಿದೆ. ಇದಕ್ಕೆಲ್ಲ ಹಿನ್ನೆಲೆಯಾಗಿ, ಇರುವ ಸೇನಾ ಸರಕು ವಿಮಾನಕ್ಕೇ ದೋಣಿಯ ಕಾಲು ಕಟ್ಟಿ ಸಮುದ್ರದ ಮೇಲೆ ಇಳಿಸುವ ಅಮೆರಿಕದ ಯೋಜನೆಯೊಂದು ಹಲವು ವರ್ಷ ರಕ್ಷಣಾ ವಲಯದ ಗಮನ ಸೆಳೆದಿತ್ತು.

ಅಮೆರಿಕದ ವಾಯುಪಡೆಯ ವಿಶೇಷ ಕಾರ್ಯಾಚರಣೆ ಕಮಾಂಡ್ 2021ರ ಸೆಪ್ಟೆಂಬರ್‌ನಲ್ಲಿ ಈ ಯೋಜನೆಯನ್ನು ಪ್ರಕಟಿಸಿತು. ಆಯ್ಕೆಯಾದದ್ದು ಎಂಸಿ-130ಜೆ, ಅಂದರೆ ನಮ್ಮ ವಾಯುಪಡೆಯಲ್ಲೂ ಇರುವ ಹರ್ಕ್ಯುಲಿಸ್ ವಿಮಾನದ ಬಳಗದ್ದೇ. ಯುದ್ಧ ಆರಂಭವಾದರೆ ಪೆಸಿಫಿಕ್ ದ್ವೀಪಗಳಲ್ಲಿರುವ ರನ್‌ವೇಗಳ ಮೇಲೆ ಮೊದಲ ದಿನವೇ ಕ್ಷಿಪಣಿಗಳು ಬೀಳುತ್ತವೆ, ಸಮುದ್ರವನ್ನು ಮಾತ್ರ ಯಾರೂ ಗುಂಡಿ ಬೀಳಿಸಿ ಕೆಡಿಸಲಾರರು ಎಂಬುದು ಇದರ ಹಿಂದಿನ ತರ್ಕ. ತರ್ಕ ದುರ್ಬಲವಾದುದೇನಲ್ಲ. ಆದರೂ ಪ್ರಾತ್ಯಕ್ಷಿಕೆಯ ದಿನ ಮುಂದೆ ಹೋಗುತ್ತಲೇ ಇದ್ದು, 2024ರಲ್ಲಿ ಹಣಕಾಸಿನ ಮುಗ್ಗಟ್ಟಿನಿಂದ ಯೋಜನೆಗೆ ತಡೆ ಬಿತ್ತು. ಸಮುದ್ರದಿಂದಲೇ ಏಳುವ ಭಾರೀ ಸರಕು ವಿಮಾನವೊಂದನ್ನು ಹೊಸದಾಗಿ ರೂಪಿಸಲು ಹೊರಟಿದ್ದ ಅದೇ ದೇಶದ ಡಾರ್ಪಾ ಸಂಸ್ಥೆಯ 'ಲಿಬರ್ಟಿ ಲಿಫ್ಟರ್' ಯೋಜನೆಯೂ 2025ರಲ್ಲಿ ವಿಮಾನ ಕಟ್ಟುವ ಮೊದಲೇ ಮುಗಿದುಹೋಯಿತು.

ಹಣವನ್ನು ನೀರಿನಂತೆ ಖರ್ಚು ಮಾಡಬಲ್ಲ ದೇಶವೇ ಹಿಂದೆ ಸರಿದುದೇಕೆ ಎಂಬುದನ್ನು ತಿಳಿಯಬೇಕಾದರೆ ವಿಮಾನದ ಹೊಟ್ಟೆಯನ್ನು ನೋಡಬೇಕು. ನೀರಿಗೆಂದೇ ಹುಟ್ಟಿದ ವಿಮಾನದ ತಳ ದೋಣಿಯಂತಿರುತ್ತದೆ. ಆ ತಳದ ನಡುಭಾಗದಲ್ಲಿ ಒಂದು ಮೆಟ್ಟಿಲು ಇರುತ್ತದೆ. ವೇಗ ಹೆಚ್ಚಿದಂತೆ ತಳವನ್ನು ಹಿಡಿದೆಳೆಯುವ ನೀರು ಆ ಮೆಟ್ಟಿಲಿನಲ್ಲಿ ಕಡಿದುಹೋಗುತ್ತದೆ. ಇಲ್ಲವಾದರೆ ವಿಮಾನ ಎಷ್ಟು ಓಡಿದರೂ ನೀರು ಅದನ್ನು ಬಿಡದು. ಸರಕು ವಿಮಾನದ ರಚನೆ ಇದಕ್ಕೆ ತದ್ವಿರುದ್ಧ. ಲಾರಿ, ಫಿರಂಗಿ ಹತ್ತಿಸಲು ಅನುಕೂಲವಾಗಲೆಂದು ಅದರ ಹೊಟ್ಟೆ ನೆಲಕ್ಕೆ ಹತ್ತಿರ, ಚಪ್ಪಟೆಯಾಗಿರುತ್ತದೆ. ಹಿಂಬದಿಯಲ್ಲಿ ಇಳಿಜಾರು ಬಾಗಿಲು ಇರುತ್ತದೆ. ಅಂತಹ ಹೊಟ್ಟೆಯನ್ನು ದೋಣಿಯಾಗಿಸುವುದೆಂದರೆ ಹೊಸ ವಿಮಾನವನ್ನೇ ಕಟ್ಟಿದಂತೆ. ಉಳಿದ ದಾರಿ ಅಡಿಯಲ್ಲಿ ಎರಡು ತೇಲುದೋಣಿಗಳನ್ನು ಕಟ್ಟುವುದು. ಪೂರ್ಣ ಹೊರೆ ಹೊತ್ತಾಗ ಸುಮಾರು 70 ಟನ್ ತೂಗುವ ವಿಮಾನವನ್ನು ಎತ್ತಿಹಿಡಿಯುವ ತೇಲುದೋಣಿಗಳು ಎಷ್ಟು ದೊಡ್ಡವಿರಬೇಕೆಂಬುದನ್ನು ಊಹಿಸಬಹುದು. ಅವುಗಳ ಭಾರದಷ್ಟು ಸರಕು ಕಡಿಮೆಯಾಗುತ್ತದೆ. ಗಾಳಿಯ ತಡೆ ಹೆಚ್ಚಿ ವೇಗವೂ ದೂರವೂ ಕುಗ್ಗುತ್ತವೆ. ಉಪ್ಪುನೀರು ಎಂಜಿನ್ನಿಗೂ ಲೋಹಕ್ಕೂ ಮಾಡುವ ಹಾನಿ ಬೇರೆ.

ಈ ಪಾಠ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಪ್ರಸಿದ್ಧ ಡಕೋಟಾ ವಿಮಾನಕ್ಕೆ ಎಡೋ ಎಂಬ ಕಂಪೆನಿ ಚಕ್ರ ಸಹಿತವಾದ ತೇಲುದೋಣಿಗಳನ್ನು ಅಳವಡಿಸಿತ್ತು. ಪ್ರತಿಯೊಂದರೊಳಗೂ 300 ಗ್ಯಾಲನ್ ಇಂಧನ ಹಿಡಿಸುತ್ತಿತ್ತೆಂದರೆ ಅದರ ಗಾತ್ರ ಅರಿವಾಗುತ್ತದೆ. ವಿಮಾನ ತೇಲಿತು, ಹಾರಿತು. ಆದರೆ ಸರಕು ಹೊರುವ ಕೆಲಸಕ್ಕೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಬೆರಳೆಣಿಕೆಯ ವಿಮಾನಗಳಿಗಷ್ಟೇ ಅದು ಸೀಮಿತವಾಯಿತು.

ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನೊಂದಿಗೆ 1940ರ ಡಿಸೆಂಬರ್‌ನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ತನ್ನ ದುರಸ್ತಿ ಕೇಂದ್ರವಾಗಿ ಬಳಸಿಕೊಂಡಿತು. ಅಲ್ಲಿ ಮೊದಲಿಗೆ ದುರಸ್ತಿಗೆ ಬಂದದ್ದು ಕ್ಯಾಟಲೀನಾ ಎಂಬ ಹಾರುವ ದೋಣಿ. ಸಮುದ್ರದಿಂದ ನೂರಾರು ಮೈಲಿ ದೂರದ ಬೆಂಗಳೂರಿನಲ್ಲಿ ಈ ವಿಮಾನಗಳಿಗೆ ಒದಗಿದ ನೀರು ಬೆಳ್ಳಂದೂರು ಕೆರೆ. ಇಂದಿನ ಬೆಂಗಳೂರಿಗರಿಗೆ ಇದು ದಂತಕಥೆಯಂತೆ ಕೇಳಿಸೀತು. ಅದೇ ಕೆರೆ ಮುಂದೆ ಊರಿನ ಕೊಳಚೆಯೆಲ್ಲ ಸೇರಿ ನೊರೆ ಉಕ್ಕಿಸಿ, 2017ರ ಫೆಬ್ರವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಬೆಂಕಿ ಹೊತ್ತಿ ಉರಿದು ಸುದ್ದಿಯಾಯಿತು.

ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆ ಮಾಡಿದ ಇನ್ನೊಂದು ಕೆಲಸ ಈಗಿನ ಚರ್ಚೆಗೆ ಹೆಚ್ಚು ಹತ್ತಿರವಾದುದು. ಅಮೆರಿಕನ್ನರೂ ಬ್ರಿಟಿಷರೂ ಹೊರಡುವಾಗ ಕಾನ್ಪುರದ ಬಯಲಿನಲ್ಲಿ ಮತ್ತೆ ಹಾರಬಾರದೆಂದೇ ಕೆಡಿಸಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳಲ್ಲಿ ನಲವತ್ತಕ್ಕೂ ಹೆಚ್ಚನ್ನು ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು ಹೇಗೋ ಹಾರುವ ಸ್ಥಿತಿಗೆ ತಂದು, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದು ಪೂರ್ತಿ ದುರಸ್ತಿ ಮಾಡಿದರು. 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಅವುಗಳಿಂದಲೇ ರೂಪುಗೊಂಡಿತು. 1951ರಲ್ಲಿ ಬಂದ 6ನೇ ಸ್ಕ್ವಾಡ್ರನ್ ಈ ವಿಮಾನಗಳಿಗೆ ಕೊಟ್ಟ ಮುಖ್ಯ ಕೆಲಸ ಕಡಲ ಕಾವಲು. 1968ರ ಕೊನೆಯವರೆಗೂ ಅವು ದುಡಿದವು. ಏರ್ ಇಂಡಿಯಾ ಪ್ರಯಾಣಿಕರನ್ನು ಹೊರುತ್ತಿದ್ದ ಸೂಪರ್ ಕಾನ್‌ಸ್ಟೆಲೇಷನ್ ವಿಮಾನಗಳೂ ಅದೇ ಸ್ಕ್ವಾಡ್ರನ್ ಸೇರಿ ಸಮುದ್ರ ಕಾದವು. 1976ರಲ್ಲಿ ಅವುಗಳೊಂದಿಗೆ ಆ ಹೊಣೆಯೂ ನೌಕಾಪಡೆಗೆ ವರ್ಗವಾಯಿತು. ಇವುಗಳಲ್ಲಿ ಯಾವುದೂ ನೀರಿಗಿಳಿಯುತ್ತಿರಲಿಲ್ಲ. ನೆಲದ ವಿಮಾನ ನೆಲದ ವಿಮಾನವಾಗಿಯೇ ಉಳಿದು ಕಡಲಿನ ಕೆಲಸ ಮಾಡಿತು.

ಇಂದಿನ ಪರಿಸ್ಥಿತಿಯಲ್ಲಿ ಈ ದಾರಿಯೇ ಎಷ್ಟು ದೂರ ಸಾಗಿದೆ ಎಂಬುದಕ್ಕೆ 2024ರ ಮಾರ್ಚ್ 16ರಂದು ಮುಗಿದ ಕಾರ್ಯಾಚರಣೆ ಸಾಕ್ಷಿ. ಸೊಮಾಲಿಯಾದ ಕಡಲ್ಗಳ್ಳರು ಅಪಹರಿಸಿದ್ದ 'ರುಯೆನ್' ಎಂಬ ಸರಕು ಹಡಗನ್ನು ಭಾರತದ ತೀರದಿಂದ ಸುಮಾರು 2,600 ಕಿ.ಮೀ. ದೂರದಲ್ಲಿ ಐಎನ್‌ಎಸ್ ಕೋಲ್ಕತಾ ಅಡ್ಡಗಟ್ಟಿತು. ವಾಯುಪಡೆಯ ಸಿ-17 ಸರಕು ವಿಮಾನ ಅಲ್ಲಿಗೆ ಹಾರಿ ಎರಡು ರಬ್ಬರ್ ದೋಣಿಗಳನ್ನೂ ನೌಕಾಪಡೆಯ ಮಾರ್ಕೋಸ್ ಕಮಾಂಡೋಗಳನ್ನೂ ಪ್ಯಾರಾಶೂಟ್ ಮೂಲಕ ಸಮುದ್ರಕ್ಕೆ ಇಳಿಸಿತು. 35 ಕಡಲ್ಗಳ್ಳರು ಶರಣಾದರು, 17 ನಾವಿಕರು ಬಿಡುಗಡೆಯಾದರು. ವಿಮಾನ ನೀರನ್ನು ಮುಟ್ಟಲಿಲ್ಲ. ಮುಟ್ಟುವ ಅಗತ್ಯವೂ ಬೀಳಲಿಲ್ಲ. ಹಡಗುಗಳಿಗೆ ತುರ್ತಾಗಿ ಬೇಕಾದ 150 ಕಿಲೋ ತೂಕದ ಸಾಮಗ್ರಿಯನ್ನು ಗಾಳಿಯಿಂದಲೇ ಕೆಳಗಿಳಿಸುವ ಡಬ್ಬಿಯನ್ನು ಡಿಆರ್‌ಡಿಒ ಮತ್ತು ನೌಕಾಪಡೆ 2023ರ ಏಪ್ರಿಲ್‌ನಲ್ಲಿ ಗೋವಾ ತೀರದಾಚೆ ಪರೀಕ್ಷಿಸಿದ್ದವು.

ಹಾಗಾದರೆ ಉಭಯಚರ ವಿಮಾನವೇ ಬೇಡವೆ? ಹಾಗೆನ್ನಲಾಗದು. ಬೀಳಿಸುವುದು ಸುಲಭ, ಎತ್ತಿಕೊಳ್ಳುವುದು ಕಷ್ಟ. ನೀರಿನಲ್ಲಿ ಬಿದ್ದು ಒದ್ದಾಡುತ್ತಿರುವವನನ್ನು ಹೆಲಿಕಾಪ್ಟರ್ ತಲುಪಲಾರದಷ್ಟು ದೂರದಿಂದ ಎತ್ತಿ ತರಬಲ್ಲುದು ನೀರಿಗಿಳಿಯುವ ವಿಮಾನ ಮಾತ್ರ. 2013ರ ಜೂನ್‌ನಲ್ಲಿ ದೋಣಿ ಮುಳುಗಿ ಪೆಸಿಫಿಕ್‌ನಲ್ಲಿ ತೇಲುತ್ತಿದ್ದ ಇಬ್ಬರನ್ನು ಜಪಾನಿನ ಯುಎಸ್-2 ವಿಮಾನ ಎತ್ತರದ ಅಲೆಗಳ ನಡುವೆ ಇಳಿದು ಕಾಪಾಡಿತು. ಅಂಡಮಾನ್, ಲಕ್ಷದ್ವೀಪಗಳನ್ನು ಹೊಂದಿರುವ ದೇಶಕ್ಕೆ ಇಂತಹದು ಬೇಡವೆನ್ನುವುದು ಹೇಗೆ? ಆದರೆ ಯುಎಸ್-2 ಸರಕು ವಿಮಾನಕ್ಕೆ ಕಾಲು ಕಟ್ಟಿ ಮಾಡಿದ್ದಲ್ಲ, ಹುಟ್ಟಿನಿಂದಲೇ ಹಾರುವ ದೋಣಿ. ರೆಕ್ಕೆಯ ಮೇಲೆ ಗಾಳಿ ಊದಿ ನಿಧಾನಗತಿಯಲ್ಲೂ ತೇಲಿಸಲೆಂದೇ ಅದರಲ್ಲೊಂದು ಪ್ರತ್ಯೇಕ ಎಂಜಿನ್ ಇದೆ. ಬೆಲೆಯೂ ಅದಕ್ಕೆ ತಕ್ಕುದು. 2013ರ ಮೇ ತಿಂಗಳಲ್ಲಿ ಮನಮೋಹನ್ ಸಿಂಗ್ ಮತ್ತು ಶಿಂಜೊ ಅಬೆ ಇದಕ್ಕಾಗಿ ಜಂಟಿ ಕಾರ್ಯಪಡೆಯನ್ನು ಒಪ್ಪಿದರೂ, ಮುಂದೆ ಹತ್ತು ವರ್ಷ ಮಾತುಕತೆ ನಡೆದರೂ ಒಂದು ವಿಮಾನವೂ ಬರಲಿಲ್ಲ. ಖರೀದಿಯ ಬದಲು ನಾಲ್ಕನ್ನು ಗುತ್ತಿಗೆಗೆ ಪಡೆಯುವ ನೌಕಾಪಡೆಯ ಯೋಚನೆ ಈ ಹಿನ್ನೆಲೆಯಲ್ಲಿ ವ್ಯಾವಹಾರಿಕವಾದುದು ಎನ್ನಬೇಕು.

ಕಡಲಿನಲ್ಲಿ ನಿಜವಾದ ಕೊರತೆ ಎಲ್ಲಿದೆ ಎಂಬುದನ್ನು 2016ರ ಜುಲೈ 22 ಕಟುವಾಗಿ ತೋರಿಸಿತು. ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ಸರಕು ವಿಮಾನ 29 ಮಂದಿಯೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಹಡಗುಗಳೂ ವಿಮಾನಗಳೂ ಜಾಲಾಡಿದವು. ಅವಶೇಷ 3,400 ಮೀಟರ್ ಆಳದಲ್ಲಿದೆಯೆಂದು ತಿಳಿದದ್ದು 2024ರ ಜನವರಿಯಲ್ಲಿ, ಏಳೂವರೆ ವರ್ಷದ ನಂತರ. ಆ ಕುಟುಂಬಗಳನ್ನು ಅಷ್ಟು ಕಾಲ ಕಾಡಿದ್ದು ವಿಮಾನ ಎಲ್ಲಿ ಬಿದ್ದಿತೆಂಬ ಪ್ರಶ್ನೆ. ಕೊರತೆ ಕಾಲಿನದಲ್ಲ, ಕಣ್ಣಿನದು.

ಆ ಕಣ್ಣನ್ನು ಸರಕು ವಿಮಾನಕ್ಕೆ ಇಡುವ ಕೆಲಸದಲ್ಲಿ ಬೆಂಗಳೂರು ಮುಂದಿದೆ, ಬೆಲೆಯನ್ನೂ ತೆತ್ತಿದೆ. ಡಿಆರ್‌ಡಿಒದ ವಾಯುಗಾಮಿ ವ್ಯವಸ್ಥೆಗಳ ಕೇಂದ್ರ, ಅಂದರೆ ಕ್ಯಾಬ್ಸ್, ಆವ್ರೊ ಸಾಗಣೆ ವಿಮಾನವೊಂದರ ಬೆನ್ನ ಮೇಲೆ ತಟ್ಟೆಯಾಕಾರದ ರಾಡಾರ್ ಗುಮ್ಮಟವನ್ನು ಕೂರಿಸಿ ಪರೀಕ್ಷಿಸುತ್ತಿತ್ತು. 1999ರ ಜನವರಿ 11ರಂದು ಅರಕ್ಕೋಣಂ ಬಳಿ ಆ ಗುಮ್ಮಟ ಹಾರಾಟದಲ್ಲೇ ಕಿತ್ತುಬಂದು ವಿಮಾನ ನೆಲಕ್ಕಪ್ಪಳಿಸಿತು. ವಿಜ್ಞಾನಿಗಳೂ ವಾಯುಪಡೆಯ ಸಿಬ್ಬಂದಿಯೂ ಸೇರಿ ಎಂಟು ಮಂದಿ ಮೃತಪಟ್ಟರು, ಯೋಜನೆ ನಿಂತಿತು. ಒಂದು ಕೆಲಸಕ್ಕೆ ರೂಪಿಸಿದ ವಿಮಾನಕ್ಕೆ ಹೊರಗಿನಿಂದ ಇನ್ನೊಂದನ್ನು ಅಂಟಿಸುವುದು ಎಷ್ಟು ಅಪಾಯದ್ದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಬೆನ್ನ ಮೇಲಿನ ಗುಮ್ಮಟಕ್ಕೆ ಸಲ್ಲುವ ಮಾತು ಹೊಟ್ಟೆಯಡಿಯ ತೇಲುದೋಣಿಗೂ ಸಲ್ಲುತ್ತದೆ.

ಆದರೆ ಕೇಂದ್ರ ಕೈಚೆಲ್ಲಲಿಲ್ಲ. ಬ್ರೆಜಿಲ್‌ನ ಎಂಬ್ರೇಯರ್ ವಿಮಾನದ ಮೇಲೆ 'ನೇತ್ರ' ರಾಡಾರ್ ವ್ಯವಸ್ಥೆಯನ್ನು ಅದೇ ಕೇಂದ್ರ ನಿರ್ಮಿಸಿ, 2017ರ ಏರೋ ಇಂಡಿಯಾದಲ್ಲಿ ಅದು ವಾಯುಪಡೆಯ ಕೈ ಸೇರಿತು. ಈಗ ಸರದಿ ಸಿ-295ರದು. ಹಳೆಯ ಆವ್ರೊಗಳ ಬದಲಿಗೆಂದು 2021ರ ಸೆಪ್ಟೆಂಬರ್‌ನಲ್ಲಿ 56 ಸಿ-295 ಸಾಗಣೆ ವಿಮಾನಗಳಿಗೆ ಒಪ್ಪಂದವಾಯಿತು. ಅವುಗಳಲ್ಲಿ 40 ವಡೋದರದ ಟಾಟಾ ಕಾರ್ಖಾನೆಯಲ್ಲಿ ಸಿದ್ಧವಾಗಬೇಕು. ಅದೇ ವಿಮಾನವನ್ನು ಕಡಲ ಕಾವಲಿಗೆ ಮಾರ್ಪಡಿಸಿ ನೌಕಾಪಡೆಗೆ ಒಂಬತ್ತು, ಕರಾವಳಿ ರಕ್ಷಣಾ ಪಡೆಗೆ ಆರು ಪಡೆಯುವ ಪ್ರಸ್ತಾವಕ್ಕೆ ರಕ್ಷಣಾ ಖರೀದಿ ಮಂಡಳಿ 2024ರ ಫೆಬ್ರವರಿಯಲ್ಲಿ ಒಪ್ಪಿಗೆ ನೀಡಿತು. ರಾಡಾರ್ ಮತ್ತಿತರ ಸಂವೇದಕಗಳನ್ನು ಅದಕ್ಕೆ ಹೊಂದಿಸುವ ಹೊಣೆ ಬೆಂಗಳೂರಿನ ಕ್ಯಾಬ್ಸ್‌ನದು. ಸಾಗಣೆಗೂ ಕಾವಲಿಗೂ ಒಂದೇ ಬಗೆಯ ವಿಮಾನವಿದ್ದರೆ ಬಿಡಿಭಾಗ, ಪೈಲಟ್ ತರಬೇತಿ, ದುರಸ್ತಿ ಎಲ್ಲದರಲ್ಲೂ ಉಳಿತಾಯವಿದೆ. ಮಂಗಳೂರಿನಿಂದ ಕಾರವಾರದವರೆಗಿನ ಮೀನುಗಾರರಿಗೆ ಬಿರುಗಾಳಿಯಲ್ಲಿ ಉಪಯೋಗಕ್ಕೆ ಬರುವುದೂ ನೀರಿಗಿಳಿಯುವ ಹರ್ಕ್ಯುಲಿಸ್‌ಗಿಂತ ಮೊದಲು ಇಂತಹ ವಿಮಾನವೇ.

ಇನ್ನು ಒಳನಾಡಿನ ಕೆರೆಗಳ ಮಾತು. ಚೀನಾ ತನ್ನ ಬೃಹತ್ ಉಭಯಚರ ವಿಮಾನ ಎಜಿ600 ಅನ್ನು 2018ರ ಅಕ್ಟೋಬರ್‌ನಲ್ಲಿ ಮೊದಲು ನೀರಿನಿಂದ ಹಾರಿಸಿದ್ದು ಸಮುದ್ರದಲ್ಲಲ್ಲ, ಹುಬೈ ಪ್ರಾಂತದ ಜಾಂಗ್‌ಹ ಜಲಾಶಯದಲ್ಲಿ. ಅದನ್ನು ನೋಡಿದವರು ನಮ್ಮಲ್ಲೂ ಸೂಳೆಕೆರೆಯಂತಹ ನೀರಿದೆಯಲ್ಲ ಎಂದರೆ ತಪ್ಪೇನಿಲ್ಲ. ಆದರೆ ವಿಮಾನ ಇಳಿಯುವ ನೀರಿಗೆ ಖಚಿತವಾದ ಆಳ ಬೇಕು, ಹೂಳು ತೆಗೆಯಬೇಕು, ಜೊಂಡು ಕೀಳಬೇಕು, ಬಲೆ ಮತ್ತು ತೆಪ್ಪಗಳನ್ನು ದೂರವಿಡಬೇಕು, ಹಕ್ಕಿಗಳ ಹಿಂಡನ್ನು ಬೆದರಿಸಬೇಕು, ಇಂಧನ ತುಂಬುವಾಗ ಒಂದು ಹನಿಯೂ ಸೋರದಂತೆ ಕಾಯಬೇಕು. ಸೂಳೆಕೆರೆಯ ನೀರಿನ ಮಟ್ಟ ಮಳೆಯನ್ನೂ ಭದ್ರಾ ನಾಲೆಯನ್ನೂ ಅವಲಂಬಿಸಿ ಏರಿಳಿಯುತ್ತದೆ. ಗುಜರಾತಿನಲ್ಲಿ 2020ರ ಅಕ್ಟೋಬರ್ 31ರಂದು ಸಾಬರಮತಿಯಿಂದ ಏಕತಾ ಪ್ರತಿಮೆಗೆ ಅದ್ದೂರಿಯಾಗಿ ಆರಂಭವಾದ ಜಲ ವಿಮಾನ ಸೇವೆ 2021ರ ಏಪ್ರಿಲ್ ಹೊತ್ತಿಗೆ ನಿಂತೇ ಹೋಯಿತು. ಅದೂ ಚಿಕ್ಕ ಟ್ವಿನ್ ಆಟರ್ ವಿಮಾನ.

ಸೂಳೆಕೆರೆಯ ನೀರಿಗೆ ಈಗಾಗಲೇ ಹಕ್ಕುದಾರರಿದ್ದಾರೆ. ಅಚ್ಚುಕಟ್ಟಿನ ಭತ್ತ, ಅಡಿಕೆ ತೋಟಗಳ ರೈತರು ಒಂದು ಕಡೆ, ಮೀನು ಹಿಡಿದು ಬದುಕುವವರು ಇನ್ನೊಂದು ಕಡೆ. ಚಿತ್ರದುರ್ಗದ ನಲ್ಲಿಗಳಿಗೆ ಹೋಗುವ ಕುಡಿಯುವ ನೀರಿನ ಒಂದು ಪಾಲು ಇದೇ ಕೆರೆಯದು. ಜಲ ವಿಮಾನ ನಿಲ್ದಾಣಗಳಿಗೆ ಜಾಗ ಹುಡುಕುವ ಅಧಿಕಾರಿಗಳು ಒಳನಾಡಿನ ಯಾವುದೇ ನೀರಿನ ಹೆಸರನ್ನು ಪಟ್ಟಿಗೆ ಸೇರಿಸುವ ಮುನ್ನ ಬೇಸಿಗೆಯ ಮಟ್ಟ, ಹೂಳಿನ ಆಳ ಮತ್ತು ಆ ನೀರನ್ನು ಕುಡಿಯುವ ಊರುಗಳ ವಿವರವನ್ನು ಪ್ರಕಟಿಸಲಿ. ಚನ್ನಗಿರಿಯ ಏರಿಯ ಮೇಲಿನ ಪ್ರಶ್ನೆಗೆ ಉತ್ತರ ಆ ಕಾಗದದಲ್ಲೇ ಸಿಗುತ್ತದೆ.